ಬಿಸಿ ತಾಕದ ಕೈ

ಶಹಾಬಾದಿನ ಫರಸಿ ಕಲ್ಲನ್ನು ತುಳಿಯದ ಕಾಲು ನಮ್ಮ ಕಡೆ ಇಲ್ಲ. ಮನೆಯ ಪಡಸಾಲೆಗೆ ಅದೇ, ಮಸೀದಿಯ ಅಂಗಳಕ್ಕೆ ಅದೇ, ಶಾಲೆಯ ಕಟ್ಟೆಗೂ ಅದೇ. ಆ ಕಲ್ಲನ್ನು ನೆಲದಿಂದ ಎಬ್ಬಿಸಿದ ಕೈಗಳನ್ನು ಮಾತ್ರ ಯಾರೂ ತಿರುಗಿಸಿ ನೋಡಿದವರಿಲ್ಲ. ಈ ಕಥೆ ಅಂಥ ಒಂದು ಕೈಯದು. ಸುಖದ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೂ ಕೊನೆಯವರೆಗೆ ಕೇಳಿ, ನಡುವೆ ಎದ್ದು ಹೋಗಬೇಡಿ.

ಬಾಬುಮಿಯಾ ಊರ ಹೊರಗಿನ ಒಂದು ಸಣ್ಣ ಗಣಿಯಲ್ಲಿ ಹದಿನೆಂಟು ವರ್ಷಗಳಿಂದ ಕಲ್ಲು ಒಡೆಯುತ್ತಿದ್ದ. ಹೆಂಡತಿ ತಾಜುನ್ನಿಸಾ, ಒಂಬತ್ತು ವರ್ಷದ ಮಗಳು ಜಾನಬಿ, ತಾನು, ಮೂರೇ ಜನರ ಸಂಸಾರ. ಹೊಲವಿಲ್ಲ, ಮನೆ ಬಾಡಿಗೆಯದು. ಅವನಿಗೆ ಇದ್ದ ಆಸ್ತಿಯೆಂದರೆ ಎರಡು ಕೈ. ಬಲಗೈ ಸುತ್ತಿಗೆ ಬೀಸಬೇಕು, ಎಡಗೈ ಉಳಿ ಹಿಡಿಯಬೇಕು, ಎರಡೂ ಸರಿಯಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಆ ಗಣಿಯಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲದಲ್ಲಿ ಗುಂಡಿ ತುಂಬಿ ಕೆಲಸ ನಿಲ್ಲುತ್ತದೆ. ದಸರೆಯ ಸುಮಾರಿಗೆ ನೀರು ಎತ್ತಿ ಹಾಕಿ ಕೆಲಸ ಶುರು ಮಾಡುವ ಮೊದಲ ದಿನ, ಮುದುಕ ಮೇಸ್ತ್ರಿ ಹಾಜಿಸಾಬ ಕಲ್ಲಿನವರನ್ನೆಲ್ಲ ಕುಲುಮೆಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದ. ಹರಿತ ಮಾಡಲು ಕಾಯಿಸಿದ ಉಳಿಯನ್ನು ಒಮ್ಮೆ ನೀರಿಗೆ ಅದ್ದಿ, ಬಿಸಿ ಆರುವ ಮೊದಲೇ ಒಬ್ಬೊಬ್ಬರ ಎಡ ಅಂಗೈ ಮೇಲೆ ಇಡುತ್ತಿದ್ದ. ಬೇಗ ಕೈ ಎಳೆದುಕೊಂಡವನು ಇನ್ನೂ ಹಸಿ. ಎಲ್ಲರಿಗಿಂತ ಹೆಚ್ಚು ಹೊತ್ತು ತಡೆದವನ ಕೈ ಪಕ್ಕಾ. ಹಿಡಿಗೆ ಕೆಂಪು ಬಟ್ಟೆ ಸುತ್ತಿದ ಹೊಸ ಸುತ್ತಿಗೆ ಆ ವರ್ಷ ಅವನಿಗೆ ಸಿಗುತ್ತಿತ್ತು, ಉಳಿದವರಿಗೆಲ್ಲ ಒಂದೊಂದು ತುಂಡು ಬೆಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಬಾಬುಮಿಯಾನ ಪಾಳಿ ಬಂತು. ಹಿಂದಿನ ವರ್ಷಗಳಲ್ಲಿ ಹಲ್ಲು ಕಚ್ಚಿ ಹತ್ತು ಎಣಿಸುವಷ್ಟು ತಡೆಯುತ್ತಿದ್ದವನು, ಈ ಸಲ ಹಾಜಿಸಾಬ ಕಿರುಬೆರಳಿನ ಕೆಳಗೆ ಉಳಿ ಇಟ್ಟರೆ ನಗುತ್ತ ನಿಂತ. ಮೂವತ್ತಾಯಿತು, ನಲವತ್ತಾಯಿತು. ಕೊನೆಗೆ ಹಾಜಿಸಾಬನೇ ಗಾಬರಿಯಾಗಿ ಉಳಿ ಎತ್ತಿದ.

"ಶಾಬ್ಬಾಸ್! ಕೈ ಅಂದ್ರ ಇದು ನೋಡ್ರೋ!" ಎಂದು ಮುದುಕ ಕೂಗಿದ. "ಬಾಬು, ನಾಳಿಂದ ನೀ ನನ್ನ ಜೋಡಿ ಮೇಸ್ತ್ರಿಕಿ ನೋಡ್ಕೋ."

ಜನ ಅವನನ್ನು ಎತ್ತಿ ಕುಣಿದರು. ಆ ಕೈಯ ಎರಡು ಬೆರಳು ಹೋದ ವರ್ಷದಿಂದಲೂ ನಿದ್ದೆ ಹೋದ ಹಾಗೆ ಇವೆ ಎಂದು ಬಾಬುಮಿಯಾನಿಗೆ ಗೊತ್ತಿತ್ತು. ಕಲ್ಲು ಹಿಡಿದು ಹಿಡಿದು ಕೈ ಪಳಗಿದೆ ಎಂದು ಅವನು ತನಗೇ ಸಮಾಧಾನ ಹೇಳಿಕೊಂಡಿದ್ದ. ಇವತ್ತು ಊರೇ ಹಾಗೆ ಹೇಳಿದ ಮೇಲೆ ಇನ್ನೇನು ಬೇಕು!

ಸಂಜೆ ಮನೆಯಲ್ಲಿ ತಾಜುನ್ನಿಸಾ ಆ ಅಂಗೈ ನೋಡಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಇದೇನು ಜಾನಬಿ ಅಬ್ಬಾ, ಇಷ್ಟ ದೊಡ್ಡ ಬೊಬ್ಬಿ ಎದ್ದದ!"

"ಎದ್ದರ ಏಳ್ಲಿ ಬಿಡು. ಒಂದೀಟೂ ಬ್ಯಾನಿ ಇಲ್ಲ."

"ಇಷ್ಟ ಬೊಬ್ಬಿ ಎದ್ದ ಮ್ಯಾಲ ಬ್ಯಾನಿ ಆಗಬೇಕಲ್ರಿ. ಆಗದಿದ್ದರ ನನಗ ಅಂಜಿಕಿ ಬರ್ಲಿಕತ್ತದ."

"ನಿನಗ ಎಲ್ಲಾದಕ್ಕೂ ಅಂಜಿಕಿ. ಆ ಸುತ್ತಿಗಿ ನೋಡು, ಸುತ್ತಿಗಿ!" ಎಂದು ಅವನು ಕೆಂಪು ಬಟ್ಟೆಯ ಸುತ್ತಿಗೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿದ. ತಾಜುನ್ನಿಸಾ ಸುತ್ತಿಗೆ ನೋಡಲಿಲ್ಲ. ಅವಳ ಕಣ್ಣು ಆ ಬೊಬ್ಬೆಯ ಮೇಲೆಯೇ ಇತ್ತು.

ಒಂದು ವಾರದ ನಂತರ ಓಣಿಗೆ ಸೈಕಲ್ ಮೇಲೆ ಅಂಬಾರಾಯ ಬಂದ. ಮುಧೋಳದ ಕಡೆಯವನು, ಸರಕಾರದ ಆರೋಗ್ಯ ಕಾರ್ಯಕರ್ತ. ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆ ನೋಡುವುದು ಅವನ ಕೆಲಸ. ಓಣಿಯ ಜನ ಅವನಿಗೆ ಮಚ್ಚಿ ಸಾಬ ಎಂದೇ ಹೆಸರಿಟ್ಟಿದ್ದರು. ಕೆಲವರು ಅವನ ಸೈಕಲ್ ಗಂಟೆ ಕೇಳಿದರೆ ಬಾಗಿಲು ಮುಂದಕ್ಕೆ ಎಳೆಯುತ್ತಿದ್ದರು. ತಾಜುನ್ನಿಸಾ ಬಾಗಿಲು ತೆರೆದಳು.

"ಬರ್ರಿ ಸಾಬ್ರೆ, ಕುಂದ್ರಿ. ಇವರ ಕೈ ಒಂಚೂರು ನೋಡ್ರಿ."

"ಏ ತಾಜು, ನಿನಗ ಯಾರ ಹೇಳ್ಯಾರ?" ಎಂದು ಬಾಬುಮಿಯಾ ಮುಖ ಗಂಟಿಕ್ಕಿದ. "ಏನೂ ಇಲ್ರಿ ಸಾಬ್ರೆ. ಕಲ್ಲಿನ ಕೆಲಸ, ಕೈ ಜಡ್ಡು ಕಟ್ಟ್ಯಾದ, ಅಷ್ಟೇ."

ಅಂಬಾರಾಯ ಅವನ ಕೈ ಹಿಡಿದು ನಿಧಾನವಾಗಿ ತಿರುಗಿಸಿದ. "ಜಡ್ಡು ಕಟ್ಟ್ಯಾದ, ಖರೇ. ಆದರ ಕಲ್ಲು, ಉಳಿ ಹಿಡಿಯೋದು ಅಂಗೈ. ಜಡ್ಡು ಕಟ್ಟೋದೂ ಅಂಗೈನೇ. ಈ ಹಿಂದಿನ ಮಗ್ಗಲ ಹೆಂಗ ಮೆತ್ತಗ ಅದ ನೋಡ್ರಿ. ಇದಕ್ಕ ಕಲ್ಲು ತಾಕೇ ಇಲ್ಲ. ಇಲ್ಲಿ ಮುಟ್ಟಿದ್ದು ನಿಮಗ ತಿಳಿಬೇಕು. ಕಣ್ಣ ಮುಚ್ಚ್ರಿ. ನಾ ಪೆನ್ನಿಂದ ಎಲ್ಲಿ ಮುಟ್ತೀನೋ ಅಲ್ಲಿ ಬೆರಳಿಟ್ಟು ತೋರಸ್ರಿ."

ಬಾಬುಮಿಯಾ ಕಣ್ಣು ಮುಚ್ಚಿದ. ಹೆಬ್ಬೆರಳ ಬಳಿ ಮುಟ್ಟಿದಾಗ ತೋರಿಸಿದ. ತೋರುಬೆರಳ ಬಳಿಯೂ ತೋರಿಸಿದ. ಆಮೇಲೆ ಸುಮ್ಮನೆ ಕಾಯುತ್ತ ಕೂತ. ಬಹಳ ಹೊತ್ತಾಯಿತೆನಿಸಿ ಕಣ್ಣು ಬಿಟ್ಟು ನೋಡಿದರೆ, ಅಂಬಾರಾಯನ ಪೆನ್ನಿನ ತುದಿ ತನ್ನ ಕಿರುಬೆರಳ ಮೇಲೆಯೇ ಕೂತಿದೆ. ಕೈಯ ಹಿಂಭಾಗದಲ್ಲಿ ನಾಲ್ಕು ಕಡೆ ನೀಲಿ ಚುಕ್ಕೆ ಬಿದ್ದಿವೆ. ತಾಜುನ್ನಿಸಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಂಬಾರಾಯ ಅವನ ಮೊಣಕೈ ಹಿಂದೆ ಬೆರಳಾಡಿಸಿದ. "ಇಲ್ಲಿ ನರ ಹಗ್ಗದಂಗ ದಪ್ಪ ಆಗ್ಯಾದ," ಎಂದು ದನಿ ತಗ್ಗಿಸಿ ಹೇಳಿದ. "ಬಾಬುಮಿಯಾ, ಇದು ಕುಷ್ಠ ಅನಸ್ತದ. ಅಂಜಬ್ಯಾಡ್ರಿ. ಈಗ ಛಲೋ ಗುಳಗಿ ಬಂದಾವ, ಪುಕ್ಕಟೆ. ಇವತ್ತೇ ಶುರು ಮಾಡಿದ್ರ ಕೈ ಉಳೀತದ."

ಆ ಹೆಸರು ಕಿವಿಗೆ ಬಿದ್ದದ್ದೇ ಬಾಬುಮಿಯಾ ಎದ್ದು ನಿಂತ. ಮೇಸ್ತ್ರಿಕೆ ಹೋಯಿತು, ನಳದ ಹತ್ತಿರ ಹೆಂಡತಿಯ ಕೊಡ ದೂರ ಸರಿಸುತ್ತಾರೆ, ಮಗಳನ್ನು ಯಾರೂ ಕೇಳುವುದಿಲ್ಲ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಅವನ ತಲೆಯಲ್ಲಿ ಓಡಿತು.

"ನಮ್ಮ ಖಾನ್‌ದಾನದಾಗ ಅಂಥಾದ್ದು ಯಾರಿಗೂ ಇಲ್ಲ! ನನ್ನ ಕೈಗೆ ಮೇಸ್ತ್ರಿ ಸುತ್ತಿಗಿ ಕೊಟ್ಟಾನ, ನೀ ಕೆಟ್ಟ ಹೆಸರು ಕೊಡ್ಲಿಕ್ಕ ಬಂದೀಯೇನು? ಹೊರಗ ನಡಿ!"

ಅಂಬಾರಾಯ ಇಂಥ ಮಾತು ಕೇಳಿದವನೇ. ಚಪ್ಪಲಿ ಮೆಟ್ಟುತ್ತ, "ನಿಮ್ಮ ಮಗಳು ಸಾಲಿಗಿ ಹೋಗ್ಯಾಳ, ಆಕಿನ್ನ ನೋಡೋದು ಉಳೀತು. ಶುಕ್ರವಾರ ಶುಕ್ರವಾರ ನಾ ದವಾಖಾನ್ಯಾಗ ಇರ್ತೀನ್ರಿ," ಎಂದಷ್ಟೇ ಹೇಳಿ ಹೋದ.

ಬಾಬುಮಿಯಾ ಹೋಗಲಿಲ್ಲ. ಒಂದು ಶುಕ್ರವಾರವಲ್ಲ, ಹದಿನಾರು ಶುಕ್ರವಾರ ಹೋಗಲಿಲ್ಲ. ಚಳಿಗಾಲವಿಡೀ ತುಂಬುತೋಳಿನ ಅಂಗಿ ಹಾಕಿದ. ಚಿತ್ತಾಪುರದಲ್ಲಿ ಯಾರೋ ಕೊಡುವ ಎಣ್ಣೆ ತಂದು ಕದ್ದು ಹಚ್ಚಿಕೊಂಡ. ಕಿರುಬೆರಳು, ಅದರ ಪಕ್ಕದ ಬೆರಳು ಮೆಲ್ಲಗೆ ಒಳಕ್ಕೆ ಬಾಗತೊಡಗಿದವು. ಉಳಿ ಜಾರಿದರೆ ಬೆವರಿನ ಮೇಲೆ ತಪ್ಪು ಹಾಕುತ್ತಿದ್ದ. ತಾಜುನ್ನಿಸಾ ದಿನವೂ ಹೇಳಿದಳು, ಅತ್ತು ಹೇಳಿದಳು, ಜಗಳವಾಡಿ ಹೇಳಿದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಾಘದ ಕೊನೆಗೆ ಕಲ್ಲಿನ ಒಂದು ಚೂರು ಅವನ ಕಿರುಬೆರಳೊಳಗೆ ಹೊಕ್ಕಿತು. ನೋವಿದ್ದರೆ ಅದೇ ಗಳಿಗೆಯಲ್ಲಿ ಕಿತ್ತು ಎಸೆಯುತ್ತಿದ್ದ. ನೋವಿರಲಿಲ್ಲ. ಮೇಲೆ ಒಂದು ಚಿಂದಿ ಸುತ್ತಿಕೊಂಡು ಆರು ದಿನ ದುಡಿದ. ಏಳನೆಯ ದಿನ ಊಟಕ್ಕೆ ಕೂತಾಗ ಜಾನಬಿ ಮೂಗು ಮುಚ್ಚಿಕೊಂಡು, "ಅಬ್ಬಾ, ಏನೋ ಸತ್ತ ವಾಸನಿ ಬರ್ಲಿಕತ್ತದ," ಅಂದಳು. ಮೂವರೂ ಮನೆಯೆಲ್ಲ ಹುಡುಕಿದರು. ಇಲಿ ಸತ್ತಿದೆಯೇನೋ ಎಂದು ಪೆಟ್ಟಿಗೆ ಸರಿಸಿ ನೋಡಿದರು. ಆ ವಾಸನೆ ಅವನ ಚಿಂದಿಯೊಳಗಿನದು.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಕಿರುಬೆರಳನ್ನು ಬುಡಕ್ಕೆ ತೆಗೆದರು, ಪಕ್ಕದ ಬೆರಳನ್ನು ಅರ್ಧಕ್ಕೆ. ಮನೆಗೆ ಬರುವ ಹೊತ್ತಿಗೆ ಇದು ಕುಷ್ಠವೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಹೋಟೆಲಿನವನು ಅವನಿಗೆಂದು ಒಂದು ಗ್ಲಾಸು ಬೇರೆ ಇಟ್ಟ. ಹಾಜಿಸಾಬ, "ಕೆಲಸಕ್ಕ ಬರೋದು ಬ್ಯಾಡ," ಎಂದು ಹೇಳಿಕಳಿಸಿದ. ಅವನು ಯಾವುದಕ್ಕೆ ಹೆದರಿ ಮುಚ್ಚಿಟ್ಟಿದ್ದನೋ ಅದೆಲ್ಲವೂ ಆಯಿತು, ಬೆರಳೂ ಹೋಯಿತು. ಊರ ದವಾಖಾನೆಯಲ್ಲಿ ಗುಳಿಗೆ ತಗೋ ಎಂದು ಕಲಬುರಗಿಯ ಡಾಕ್ಟರು ಹೇಳಿಕಳಿಸಿದ್ದರೂ ಬಾಬುಮಿಯಾ ಹೋಗದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಹೀಗೆ ಮಲಗಿದ್ದ ಒಂದು ಬೆಳಿಗ್ಗೆ, ಮಗಳಿಗೆ ಎರೆಯುತ್ತಿದ್ದ ತಾಜುನ್ನಿಸಾ ಬಚ್ಚಲಿನಿಂದ ಕೂಗಿದಳು. ಅವಳ ದನಿ ಕೇಳಿ ಅವನು ಎದ್ದ. ಹೋಗಿ ನೋಡಿದರೆ, ಜಾನಬಿಯ ಭುಜದ ಹಿಂದೆ ಎಂಟಾಣೆ ಅಗಲದ ಒಂದು ಮಚ್ಚೆ. ತೊನ್ನಿನ ಹಾಗೆ ಹಾಲುಬಿಳುಪಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿ, ಒಣಗಿದಂತೆ.

ಬಾಬುಮಿಯಾ ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತಂದು ಮಗಳ ಹಿಂದೆ ಕೂತ.

"ಬೇಟಿ, ಒಂದು ಆಟ ಆಡೋಣು. ಕಣ್ಣ ಮುಚ್ಚು. ಕಡ್ಡಿ ಎಲ್ಲಿ ತಾಕ್ತದ ಹೇಳು."

ಬೆನ್ನಿನ ಮೇಲೆ ಮುಟ್ಟಿದ. "ಬೆನ್ನು!" ಎಂದು ನಕ್ಕಳು. ಕುತ್ತಿಗೆಗೆ ಮುಟ್ಟಿದ. "ಕುತಗಿ! ಕಚಗುಳಿ ಆಗ್ತದ ಅಬ್ಬಾ!" ಆಮೇಲೆ ಅವನು ಮಚ್ಚೆಯ ನಡುವೆ ಮುಟ್ಟಿದ. ಮತ್ತೊಮ್ಮೆ ಮುಟ್ಟಿದ. ಮೂರನೆಯ ಸಲ ಕಡ್ಡಿಯ ತುದಿ ಬಾಗುವಷ್ಟು ಒತ್ತಿದ.

ಜಾನಬಿ ಕಣ್ಣು ಮುಚ್ಚಿಕೊಂಡೇ, ನಗು ತಡೆದು ಕಾಯುತ್ತಿದ್ದಳು. "ಮುಟ್ಟು ಅಬ್ಬಾ. ಯಾವಾಗ ಮುಟ್ತಿ?"

ಬಾಬುಮಿಯಾ ಕಡ್ಡಿ ಬಿಸಾಕಿ ಅತ್ತುಬಿಟ್ಟ. ಬೆರಳು ಕತ್ತರಿಸಿದ ದಿನ ಅಳದವನು ಅವತ್ತು ಮಗಳ ಒದ್ದೆ ತಲೆಗೆ ತಲೆ ಹಚ್ಚಿ ಅತ್ತ.

ಶುಕ್ರವಾರದವರೆಗೂ ಅವನು ಕಾಯಲಿಲ್ಲ. ಅಂಬಾರಾಯನ ಮನೆ ಕೇಳಿಕೊಂಡು, ಮಗಳ ಕೈ ಹಿಡಿದು ಹೋಗಿ ಬಾಗಿಲಲ್ಲಿ ನಿಂತ. ಹಿಂದೆ ತಾಜುನ್ನಿಸಾ.

"ಸಾಬ್ರೆ, ನನಗ ಬೇಕಾದ್ದು ಬೈರಿ. ಇಕಿನ್ನ ಉಳಸ್ರಿ."

ಅಂಬಾರಾಯ ಬೈಯಲಿಲ್ಲ. ಹುಡುಗಿಯನ್ನು ಬೆಳಕಿಗೆ ನಿಲ್ಲಿಸಿ ಮೈಯೆಲ್ಲ ನೋಡಿದ. ಒಂದೇ ಮಚ್ಚೆ. ನರ ದಪ್ಪವಾಗಿರಲಿಲ್ಲ. "ಛಲೋ ಟೈಮಿಗಿ ತಂದೀರಿ," ಅಂದ. "ದವಾಖಾನ್ಯಾಗ ಡಾಕ್ಟರಿಗಿ ತೋರ್ಸೋಣು. ಇಕಿಗಿ ಆರು ತಿಂಗಳ ಗುಳಗಿ. ನಿಮಗ ಎರಡು ವರ್ಷ. ತಿಂಗಳಿಗೊಮ್ಮೆ ನನ್ನ ಕಣ್ಣ ಮುಂದ ನುಂಗಬೇಕು, ಉಳಿದದ್ದು ದಿನಾ ಮನ್ಯಾಗ. ಆ ದೊಡ್ಡ ಗುಳಗಿ ನುಂಗಿದ ದಿನ ಮೂತ್ರ ಕೆಂಪಗ ಬರ್ತದ, ಅದು ರಕ್ತ ಅಲ್ಲ, ಅಂಜಬ್ಯಾಡ್ರಿ. ಮಚ್ಚಿ ಮಾಸ್ತು ಅಂತ ನಡುವ ಬಿಡಬ್ಯಾಡ್ರಿ."

"ಇದು ಇಕಿಗಿ ನನ್ನಿಂದನೇ ಬಂತೇನ್ರಿ?" ಬಾಬುಮಿಯಾ ನೆಲ ನೋಡುತ್ತ ಕೇಳಿದ.

ಅಂಬಾರಾಯ ಅವನ ಪಕ್ಕ ಬಂದು ಕೂತ. "ಬಂದಿರಬಹುದು. ಇದು ಕಣ್ಣಿಗಿ ಕಾಣದ ಹುಳದ ರೋಗ, ಪಾಪದ ಫಲ ಅಲ್ಲ, ಯಾರ ಶಾಪನೂ ಅಲ್ಲ. ದವಾ ತಗೊಳ್ಳದ ಮನುಷ್ಯಾನ ಉಸಿರಿನಿಂದ, ಕೆಮ್ಮಿನಿಂದ, ಭಾಳ ದಿನ ಜೋಡಿ ಇದ್ದೋರಿಗಿ ಹತ್ತಬಹುದು. ಹತ್ತಿದ್ರೂ ಭಾಳ ಮಂದಿ ಮೈ ಅದನ್ನ ತಡೀತದ. ಕೈ ಹಿಡಿದ್ರ ಬರಂಗಿಲ್ಲ, ಒಂದೇ ಗ್ಲಾಸಿನ್ಯಾಗ ಚಹಾ ಕುಡಿದ್ರ ಬರಂಗಿಲ್ಲ. ನೀವು ಗುಳಗಿ ಶುರು ಮಾಡಿದ್ರಿ ಅಂದ್ರ ನಿಮ್ಮಿಂದ ಇನ್ನೊಬ್ಬರಿಗಿ ಹತ್ತೋದು ನಿಂತಂಗ."

"ನನ್ನ ಕೈ?"

"ಹೋದ ಬೆರಳು ಬರಂಗಿಲ್ಲ. ಸತ್ತ ನರಾನೂ ಏಳಂಗಿಲ್ಲ. ಸುಳ್ಳ ಯಾಕ ಹೇಳ್ಲಿ?"

"ಆವತ್ತೇ ನಿಮ್ಮ ಮಾತು ಕೇಳಿದ್ದರ?"

"ಇರ್ತಿದ್ದವು," ಅಂದ ಅಂಬಾರಾಯ.

ಆಮೇಲೆ ಅವನು ಉಳಿದ ಕೈಯನ್ನು ಕಾಪಾಡಿಕೊಳ್ಳುವುದು ಹೇಗೆಂದು ಹೇಳಿಕೊಟ್ಟ. ನೋವು ಕಾವಲು ಕಾಯದ ಜಾಗವನ್ನು ಕಣ್ಣು ಕಾಯಬೇಕು ಎಂಬುದು ಅವನ ಮಾತಿನ ಸಾರ. ದಿನಾ ಸಂಜೆ ಕೈಕಾಲು ತಿರುಗಿಸಿ ನೋಡುವುದು. ಗಾಯ, ಬೊಬ್ಬೆ, ಕೆಂಪು ಕಂಡರೆ ನೋವಿಲ್ಲದಿದ್ದರೂ ಅದೇ ದಿನ ತೋರಿಸುವುದು. ತಣ್ಣೀರಿನಲ್ಲಿ ಕೈ ನೆನೆಯಿಟ್ಟು, ಒರೆಸದೆ ಮೇಲೆ ಎಣ್ಣೆ ಸವರುವುದು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಮುಟ್ಟದಿರುವುದು, ನೀರು ಕಾದಿದೆಯೋ ಇಲ್ಲವೋ ಎಂದು ಸ್ಪರ್ಶವಿರುವ ಕೈಯಿಂದ ನೋಡುವುದು. ಸಾಮಾನಿನ ಹಿಡಿಗೆ ದಪ್ಪ ಬಟ್ಟೆ ಸುತ್ತುವುದು, ಕಾಲಿಗೆ ಚಪ್ಪಲಿ ಬಿಡದಿರುವುದು. ತಾಜುನ್ನಿಸಾ ಒಂದೊಂದನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳು.

ಅಲ್ಲಿಂದ ಹೊರಟವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಹಾಜಿಸಾಬನ ಮನೆಗೆ ನಡೆದಳು. ಬಾಬುಮಿಯಾ ನಾಚಿಕೆಯಿಂದ ಓಣಿಯಲ್ಲೇ ನಿಂತ. ಅವಳ ಮಾತು ಅವನಿಗೆ ಅಲ್ಲಿಗೇ ಕೇಳುತ್ತಿತ್ತು.

"ಚಾಚಾ, ಇವರ ಕೈ ಮುಟ್ಟಿದ್ದು ತಿಳಿಯದಂಗ ಸುನ್ನ ಆಗಿದ್ದು ಎಲ್ಲಾರಿಗಿಂತ ಮೊದಲ ಕಂಡೋರು ನೀವು. ಅಂಬಾರಾಯ ಸಾಬ್ರು ಪೆನ್ನಿಟ್ಟು ನೋಡಿದ್ರು, ನೀವು ಕಾದ ಉಳಿ ಇಟ್ಟು ನೋಡಿದ್ರಿ. ಅವರು ದವಾ ತಗೋ ಅಂದ್ರು. ನೀವು ಬೆಲ್ಲ ಹಂಚಿದ್ರಿ."

ನಾಲ್ಕು ದಿನ ಬಿಟ್ಟು ಹಾಜಿಸಾಬ ತಾನೇ ಬಾಬುಮಿಯಾನ ಮನೆಗೆ ಬಂದು ಚಹಾ ಕೇಳಿ ಕುಡಿದ. ಕಲ್ಲಿಗೆ ಅಳತೆ ಹಾಕಿ ಗೆರೆ ಹೊಡೆಯುವ ಕೆಲಸಕ್ಕೆ ಬಾ ಎಂದ. ಅದಕ್ಕೆ ಒಂದು ಕೈ ಪೂರಾ ಇದ್ದರೆ ಸಾಕಿತ್ತು.

ಜಾನಬಿಯ ಗುಳಿಗೆ ಆರು ತಿಂಗಳಿಗೆ ಮುಗಿಯಿತು. ಮಚ್ಚೆಯ ಅಂಚಿಗೆ ಮುಟ್ಟಿದರೆ ಈಗ ತಿಳಿಯುತ್ತದೆ, ನಡುವೆ ಇನ್ನೂ ಮಂಕು. ಹತ್ತು ಬೆರಳೂ ನೆಟ್ಟಗಿವೆ. ಬಾಬುಮಿಯಾ ಪ್ರತಿ ಸಂಜೆ ತನ್ನ ಕೈ ನೋಡಿಕೊಂಡ ಮೇಲೆ ಅವಳ ಕೈಯನ್ನೂ ಬಿಡಿಸಿ ನೋಡುತ್ತಾನೆ.

ಆ ವರ್ಷ ದಸರೆಗೆ ಗಣಿ ಮತ್ತೆ ತೆರೆದಾಗ ಎಲ್ಲರೂ ಎಂದಿನಂತೆ ಸಾಲಾಗಿ ನಿಂತರು. ಹಾಜಿಸಾಬ ಕುಲುಮೆಯ ಕಡೆ ಹೋಗಲಿಲ್ಲ. ಅವನ ಕೈಯಲ್ಲಿ ಒಂದು ಕಸಬರಿಗೆ ಕಡ್ಡಿ ಇತ್ತು.

"ಎಲ್ಲಾರೂ ಕಣ್ಣ ಮುಚ್ಚಿ ಕೈ ಚಾಚ್ರಿ," ಅಂದ. "ಕಡ್ಡಿ ತಾಕಿದ್ದು ತಿಳಿದೋರು ಹಾಂ ಅನ್ರಿ."

ಕೆಲವರು ಕಿಸಕ್ಕನೆ ನಕ್ಕರು. ಹಾಜಿಸಾಬ ಒಬ್ಬೊಬ್ಬರ ಕೈ ತಿರುಗಿಸುತ್ತ ಬಂದ. ಹಾಂ, ಹಾಂ, ಹಾಂ ಎಂದು ಸಾಲು ಸಾಗಿತು. ದಂಡೋತಿಯಿಂದ ಹೊಸದಾಗಿ ಬಂದಿದ್ದ ಗಟ್ಟಿಮುಟ್ಟಿನ ಆಳು ರಾಮಲಿಂಗನ ಮುಂದೆ ಕಡ್ಡಿ ನಿಂತಿತು. ಒಮ್ಮೆ ಮುಟ್ಟಿತು, ಎರಡನೆಯ ಸಲ ಮುಟ್ಟಿತು, ಮೂರನೆಯ ಸಲವೂ ಮುಟ್ಟಿತು. ನಗುತ್ತಿದ್ದವರು ನಗು ನಿಲ್ಲಿಸಿದರು. ರಾಮಲಿಂಗ ಕಣ್ಣು ಮುಚ್ಚಿಕೊಂಡು, ಎದೆ ಉಬ್ಬಿಸಿ ನಿಂತೇ ಇದ್ದ.

"ಚಾಚಾ," ಅಂದ ಅವನು. "ನನ್ನ ಪಾಳಿ ಯಾವಾಗ್ರಿ?"

ಬಾಬುಮಿಯಾ ಸಾಲಿನಿಂದ ಮುಂದೆ ಬಂದು, ಮೂರೂವರೆ ಬೆರಳಿನ ತನ್ನ ಕೈಯಿಂದ ಅವನ ಕೈ ಹಿಡಿದ. "ನಿನ್ನ ಪಾಳಿ ಆತು ತಮ್ಮಾ. ನಡಿ, ನನ್ನ ಜೋಡಿ ಬಾ. ಅಂಬಾರಾಯ ಸಾಬ್ರು ಇವತ್ತ ದವಾಖಾನ್ಯಾಗೇ ಇರ್ತಾರ."

ಹಾಜಿಸಾಬ ಕೆಂಪು ಬಟ್ಟೆಯ ಸುತ್ತಿಗೆ ತಂದು ರಾಮಲಿಂಗನ ಇನ್ನೊಂದು ಕೈಯಲ್ಲಿಟ್ಟ. "ಗುಳಗಿ ತಗೊಂಡು ನಾಳಿ ಕೆಲಸಕ್ಕ ಬಾ," ಅಂದ. "ಯಾರೂ ನಿನಗ ಏನೂ ಅನ್ನಂಗಿಲ್ಲ."

ಕೇಳಿದಿರಲ್ಲ, ಈಗ ನಿಮ್ಮ ಸರದಿ. ಈ ಹಾಳೆಯನ್ನು ಪಕ್ಕಕ್ಕಿಡಿ. ಮನೆಯಲ್ಲಿ ಒಬ್ಬರನ್ನು ಕರೆಯಿರಿ. ಮೈಮೇಲೆ ತಿಳಿಬಣ್ಣದ ಅಥವಾ ಕೆಂಪಗಿನ ಮಚ್ಚೆ ಇದ್ದರೆ, ಕೈಕಾಲು ಜೋಮು ಹಿಡಿದಂತಿದ್ದರೆ, ಅಲ್ಲಿ ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಲು ಹೇಳಿ ಕಣ್ಣು ಮುಚ್ಚಿ. ಆಮೇಲೆ ನಿಮ್ಮ ಮಕ್ಕಳ ಮೈಯನ್ನೂ ಬೆಳಕಿನಲ್ಲಿ ಹಿಂದೆ ಮುಂದೆ ನೋಡಿ. ಮುಟ್ಟಿದ್ದು ತಿಳಿಯದಿದ್ದರೆ ಯಾರಿಗೂ ಹೆದರಬೇಡಿ, ಮುಚ್ಚಿಡಬೇಡಿ, ನೋವಾಗಲಿ ಎಂದು ಕಾಯಬೇಡಿ. ಈ ರೋಗದಲ್ಲಿ ಮೊದಲು ಹೋಗುವುದೇ ನೋವು. ಹತ್ತಿರದ ಸರಕಾರಿ ದವಾಖಾನೆಗೆ ನಾಳೆಯೇ ಹೋಗಿ. ಗುಳಿಗೆಗೆ ಕಾಸು ಕೊಡಬೇಕಾಗಿಲ್ಲ. ತಡ ಮಾಡಿದ್ದಕ್ಕೆ ಬಾಬುಮಿಯಾ ಏನು ಕೊಟ್ಟ ಎಂಬುದನ್ನು ನೀವೀಗ ಕೇಳಿದ್ದೀರಿ.